ನಮ್ಮ ಮನೆಗೆ ನಾಲ್ಕೂವರೆ ನಕ್ಷತ್ರ ಕೊಟ್ಟವರಿಗೆ

‘ನೀಲಿ ಹೊಸ್ತಿಲು’ ಪ್ರವಾಸ ಕೈಪಿಡಿಯ ಘನ ಸಂಪಾದಕರ ಸನ್ನಿಧಾನಕ್ಕೆ,

ಮಾನ್ಯರೇ,

ಮಾವ್ರೊಲಿಥಿ ಎಂಬ ಈ ಕಡಲಂಚಿನ ಊರಿನಿಂದ, ಇಲ್ಲಿನ ಏಕಮಾತ್ರ ಔಷಧಿ ಅಂಗಡಿಯ ಒಡತಿಯೂ ದಿವಂಗತ ಥ್ರಾಸಿವೂಲೋಸ್ ಕುವೆಲೆಯಾಸ್ ಅವರ ಮಗಳೂ ಆದ ಅರ್ಗಿರೋ ಎಂಬವಳು ಮಾಡುವ ಅನಂತಾನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಓದುಗರ ಕ್ಷೇಮವನ್ನಂತೂ ದಿನವೂ ಕಣ್ಣಾರೆ ಕಾಣುತ್ತಿದ್ದೇನೆ. ಏಕೆಂದರೆ ‘ಸ್ಥಳೀಯರಂತೆ ಬರಿಗಾಲಲ್ಲಿ ಕರಿಬಂಡೆಯ ಮೇಲಿಂದ ಸಮುದ್ರಕ್ಕೆ ಹಾರಿರಿ’ ಎಂಬ ತಮ್ಮ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ ಮೇಲೆ ಅವರು ಕುಂಟುತ್ತಾ ನೇರವಾಗಿ ಬರುವುದು ನನ್ನ ಅಂಗಡಿಗೇ. ಆ ಬಂಡೆಯ ಬುಡದಲ್ಲಿ ಮುಳ್ಳುಮೈಯ ಕಡಲಜೀವಿಗಳು ತಲೆತಲಾಂತರದಿಂದ ಸಂಸಾರ ಹೂಡಿರುವುದರಿಂದ ಸ್ಥಳೀಯರು ಯಾರೂ ಇಂದಿನವರೆಗೆ ಅಲ್ಲಿಂದ ಹಾರಿದ್ದಿಲ್ಲ. ಆದರೂ ಚಿಮಟ ಮತ್ತು ಮುಲಾಮಿನ ವ್ಯಾಪಾರದಲ್ಲಿ ತಾವು ನನಗೆ ಮಾಡಿರುವ ಉಪಕಾರವನ್ನು ಮರೆಯಲಾರೆ. ಮುಂದಿನ ಆವೃತ್ತಿಯೊಳಗೆ ಆ ಜೀವಿಗಳಿಗೆ ಬೇರೆ ಬಂಡೆಗೆ ತೆರಳುವಂತೆ ತಾವೇ ಒಂದು ಸೂಚನೆ ಕೊಟ್ಟರೆ ಇನ್ನೂ ಉಪಕಾರವಾದೀತು.

ತಮ್ಮ ಎರಡನೆಯ ಸಲಹೆಯೂ ಅಷ್ಟೇ ಜನಪ್ರಿಯವಾಗಿದೆ. ‘ಊರಿನ ಅತ್ಯುತ್ತಮ ಸೂರ್ಯಾಸ್ತವನ್ನು ಸಂತ ಫೋಟಿನಿಯ ಚರ್ಚಿನ ಹಿಂದಿರುವ ಅಮೃತಶಿಲೆಯ ಬೆಂಚುಗಳ ಮೇಲೆ ಕುಳಿತು ನೋಡಿರಿ, ಜೊತೆಗೆ ವೈನು ಮತ್ತು ಚೀಸು ಕೊಂಡೊಯ್ಯಿರಿ’ ಎಂದು ಬರೆದಿದ್ದೀರಿ. ಮಾನ್ಯರೇ, ಅವು ಬೆಂಚುಗಳಲ್ಲ. ಎಡಗಡೆಯ ಮೊದಲನೆಯದು ನನ್ನ ಅಜ್ಜಿ ಪಗೋನಾ. ಬದುಕಿದ್ದಾಗ ತನ್ನ ಮಂಚದ ಅಂಚಿಗೆ ಡಾಕ್ಟರನ್ನೂ ಕೂರಗೊಡದಿದ್ದ ಆ ಹೆಂಗಸಿನ ಎದೆಯ ಮೇಲೆ ಈಗ ಪ್ರತಿ ಸಂಜೆ ಚಡ್ಡಿ ತೊಟ್ಟ ಮಹನೀಯರು ಕುಳಿತು ಆಲಿವ್ ಬೀಜ ಉಗುಳುತ್ತಾರೆ. ಅಜ್ಜಿ ಇನ್ನೂ ಎದ್ದು ಬಂದಿಲ್ಲವೆಂಬುದೇ ನಮಗೆಲ್ಲ ಆಶ್ಚರ್ಯ.

ಆದರೆ ಈ ಪತ್ರದ ಮುಖ್ಯ ವಿಷಯ ನಮ್ಮ ಮನೆ.

ಕಳೆದ ಸೆಪ್ಟೆಂಬರಿನಲ್ಲಿ ತಾವು ದಾರಿ ತಪ್ಪಿ, ಒಣಹುಲ್ಲಿನ ಟೋಪಿ ಧರಿಸಿ, ನೆತ್ತಿ ಬಿಸಿಲಲ್ಲಿ ನಮ್ಮ ಅಂಗಳದ ಮುಂದೆ ನಿಂತು ಒಂದು ಲೋಟ ನೀರು ಕೇಳಿದ್ದು ತಮಗೆ ನೆನಪಿರಬಹುದು. ಅಪ್ಪ ಮೆತ್ತಗಾಗಲೆಂದು ಕಲ್ಲಿಗೆ ಆಕ್ಟೋಪಸ್ ಬಡಿಯುತ್ತಿದ್ದವರು ಕೈ ನಿಲ್ಲಿಸಿ, “ಬರೀ ನೀರು ಕುಡಿದು ಎಲ್ಲಿಗಪ್ಪಾ ಹೋಗ್ತೀಯ ಈ ಬಿಸಿಲಲ್ಲಿ? ಬಾ, ಕೂತ್ಕೋ. ಲೇ ಗರೂಫಾಲಿಯಾ, ಇನ್ನೊಂದು ತಟ್ಟೆ ಹಾಕೇ!” ಎಂದು ಕೂಗಿದರು. ಅಮ್ಮ ತಟ್ಟೆ ಹಾಕಿದಳು. ತಾವು ಸುಟ್ಟ ಮೀನು ತಿಂದಿರಿ, ಬೇಯಿಸಿದ ಕಾಡುಸೊಪ್ಪು ತಿಂದಿರಿ, ಅಪ್ಪನ ಪಾಲಿನ ಕಲ್ಲಂಗಡಿಯನ್ನೂ ತಿಂದಿರಿ. ಎದ್ದು ಹೊರಟಾಗ ತಾವು ಕೈಚೀಲಕ್ಕೆ ಕೈ ಹಾಕಿದ್ದನ್ನು ಕಂಡು ಅಪ್ಪನ ಮುಖ ಕೆಂಪಗಾಯಿತು. “ನಾನೇನು ಹೋಟ್ಲು ಇಟ್ಟಿದೀನೇನಯ್ಯಾ?” ಎಂದು ಗದರಿ ತಮ್ಮನ್ನು ಕಳಿಸಿಕೊಟ್ಟರು. ನಮ್ಮ ದೃಷ್ಟಿಯಲ್ಲಿ ವಿಷಯ ಅಲ್ಲಿಗೆ ಮುಗಿದಿತ್ತು.

ಈ ವಸಂತದಲ್ಲಿ ತಮ್ಮ ಕೈಪಿಡಿ ಹೊರಬಂತು. ‘ಹೆಸರಿಲ್ಲದ, ಫಲಕವಿಲ್ಲದ ಗುಪ್ತ ಭೋಜನಾಲಯ, ನಾಲ್ಕೂವರೆ ನಕ್ಷತ್ರ. ಮೆನು ಕೇಳಬೇಡಿ, ನೇರ ಅಡುಗೆಮನೆಗೆ ನಡೆದು ಪಾತ್ರೆಗಳ ಮುಚ್ಚಳ ತೆಗೆದು ನೋಡಿ. ಸಿಡುಕು ಮುದುಕ ದುಡ್ಡು ಬೇಡವೆಂದು ಕೂಗಾಡುತ್ತಾನೆ. ಅದು ಕಾರ್ಯಕ್ರಮದ ಒಂದು ಭಾಗ, ಆನಂದಿಸಿ. ಅರ್ಧ ನಕ್ಷತ್ರ ಕಡಿತ: ಊಟದ ಕೊನೆಗೆ ಸಿಹಿ ಇರಲಿಲ್ಲ.’ ನಮ್ಮ ಕುಟುಂಬದ ಬಗ್ಗೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಸುಳ್ಳು ಹೇಳಲು ನಮ್ಮ ನೆಂಟರಿಂದಲೂ ಇದುವರೆಗೆ ಸಾಧ್ಯವಾಗಿರಲಿಲ್ಲ. ತಮ್ಮ ಶೈಲಿಗೆ ತಲೆಬಾಗುತ್ತೇನೆ.

ಈಸ್ಟರ್ ಕಳೆಯುತ್ತಿದ್ದಂತೆ ಜನ ಬರತೊಡಗಿದರು. ಮೊದಮೊದಲು ಅಪ್ಪನಿಗೆ ಅವರೂ ತಮ್ಮಂತೆ ದಾರಿ ತಪ್ಪಿದವರೆಂದೇ ಅನಿಸಿತು. “ಪಾಪ, ಮೇಲಿನ ತಿರುವಿನಲ್ಲಿ ಬೋರ್ಡು ಬಿದ್ದುಹೋಗಿರಬೇಕು” ಎಂದುಕೊಂಡು ಒಂದು ದಿನ ಸುತ್ತಿಗೆ ಹಿಡಿದು ಬೆಟ್ಟ ಹತ್ತಿ ಆ ಬೋರ್ಡನ್ನು ಭದ್ರ ಮಾಡಿ ಬಂದರು. ಅದರಿಂದ ಇನ್ನಷ್ಟು ಜನಕ್ಕೆ ದಾರಿ ಸಿಕ್ಕಿತು. ತಮ್ಮ ಸೂಚನೆಯಂತೆ ಒಬ್ಬ ಗೌರವಾನ್ವಿತ ಅತಿಥಿ ಸೀದಾ ಅಡುಗೆಮನೆಗೆ ನಡೆದು, ಒಲೆಯ ಮೇಲಿನ ದೊಡ್ಡ ಹಂಡೆಯ ಮುಚ್ಚಳ ತೆಗೆದು, “ಇದನ್ನೇ ಕೊಡಿ” ಎಂದು ಬೆರಳು ಮಾಡಿದ. ಅದರಲ್ಲಿ ಕುದಿಯುತ್ತಿದ್ದುದು ಅಪ್ಪನ ಬನಿಯನ್ನುಗಳು.

“ಗೇಟಿಗೊಂದು ಬೀಗ ಹಾಕಿ ಮಾರಾಯ್ರೇ” ಎಂದು ಅಮ್ಮ ಗೋಗರೆದಳು. “ಬಾಯಾರಿ ಬಂದೋರ ಮುಖದ ಮೇಲೆ ಬೀಗ ಹಾಕೋಕೆ ನಾನೇನು ಬ್ಯಾಂಕೇನೇ?” ಎಂದರು ಅಪ್ಪ. “ಬಾಯಾರಿ ಬಂದಿದ್ರೆ ಬೇರೆ ಮಾತು. ನಿನ್ನೆ ಬಂದೋಳು ನನ್ನ ಪರದೆ ಮುಟ್ಟಿ ನೋಡಿ, ಇದು ಸಾಚಾನಾ ಅಂತ ಕೇಳಿದ್ಲು.” “ಸಾಚಾ ಅಂತ ಹೇಳಬೇಕಿತ್ತು. ನಮ್ಮಮ್ಮ ಹೊಲಿದದ್ದು ಅದು.” ಅಪ್ಪನ ಜೊತೆ ವಾದ ಮಾಡಿ ಗೆದ್ದವರು ನಮ್ಮೂರಲ್ಲಿ ಯಾರೂ ಇಲ್ಲ. ಅವರು ಬೆಳಗಾಗುವ ಮೊದಲೇ ದೋಣಿ ಇಳಿಸಿ, ಮುಂಚಿಗಿಂತ ದೂರ ಹೋಗಿ, ಬಂದವರಿಗೆಲ್ಲ ಸಾಲುವಷ್ಟು ಮೀನು ತರಲು ಒದ್ದಾಡತೊಡಗಿದರು. ಅಮ್ಮನ ಸೊಂಟನೋವಿಗೆ ನಾನು ಪಟ್ಟಿ ಹಚ್ಚತೊಡಗಿದೆ.

ಜೂನಿನ ಒಂದು ಮಧ್ಯಾಹ್ನ ಅಪ್ಪ ಅಂಗಳದ ಉದ್ದ ಮೇಜಿನ ಮುಂದೆ ಬಲೆ ನೇಯುತ್ತಾ ನೇಯುತ್ತಾ ತಲೆಯನ್ನು ತೋಳಿನ ಮೇಲಿಟ್ಟರು. ಆಗ ತಮ್ಮ ಓದುಗರಾದ ಯುವ ದಂಪತಿಗಳು ಬಂದು ಎದುರಿಗೆ ಕುಳಿತರು. ಮಾಲೀಕರು ನಿದ್ರಿಸುತ್ತಿದ್ದಾರೆಂದು ಸದ್ದಿಲ್ಲದೆ ಕಾದರು. ಅಮ್ಮ ಕಾಫಿ ಹಿಡಿದು ಹೊರಗೆ ಬಂದು “ಏಳ್ರೀ” ಎಂದಾಗ ಆ ಹುಡುಗಿ ತುಟಿಗೆ ಬೆರಳಿಟ್ಟು, ಅಮ್ಮನನ್ನೇ ಸುಮ್ಮನಾಗಿಸಿದಳು. ಅಪ್ಪ ಏಳಲಿಲ್ಲ. ಇದೊಂದು ವಿಷಯದಲ್ಲಿ ದೂರು ಬರೆಯಲು ನನಗೆ ಸಾಧ್ಯವಾಗುತ್ತಿಲ್ಲ; ಏಕೆಂದರೆ ಕಾಲಮಾತಾ ಪಟ್ಟಣದಿಂದ ಆಂಬುಲೆನ್ಸ್ ಬರುವವರೆಗೆ, ನಾನು ಅಂಗಡಿಯಿಂದ ಓಡಿ ಬಂದ ಮೇಲೂ, ಅಮ್ಮನ ಕೈ ಹಿಡಿದು ನೆಲದ ಮೇಲೆ ಕುಳಿತಿದ್ದವಳು ಅದೇ ಹುಡುಗಿ. ಅವಳು ಎಷ್ಟು ನಕ್ಷತ್ರ ಕೊಟ್ಟಳೆಂದು ನಾನು ಹುಡುಕಿ ನೋಡಿದೆ. ಅವಳು ಏನನ್ನೂ ಬರೆದಿಲ್ಲ. ಅಂಥವರೂ ತಮ್ಮ ಕೈಪಿಡಿಯನ್ನು ಓದುತ್ತಾರೆಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಅಪ್ಪ ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿ ಚರ್ಚಿನಿಂದ ಮನೆಗೆ ಬಂದು, ನೆಂಟರಿಷ್ಟರೆಲ್ಲ ಅಪ್ಪನ ಹೆಸರಿನಲ್ಲಿ ಊಟಕ್ಕೆ ಕೂತಿದ್ದೆವು. ಮೀನಿನ ಸಾರು, ಬ್ರೆಡ್ಡು, ಆಲಿವ್, ಮತ್ತು ಸತ್ತವರಿಗಾಗಿ ಹಂಚುವ, ಸಕ್ಕರೆ, ದಾಳಿಂಬೆ ಬೆರೆಸಿದ ಬೇಯಿಸಿದ ಗೋಧಿ. ಎಲ್ಲರೂ ಕಪ್ಪು ಉಟ್ಟಿದ್ದೆವು. ಆಗ ಬಿಳಿಯ ಲಿನನ್ ಬಟ್ಟೆ ತೊಟ್ಟ ಒಂದು ಕುಟುಂಬ ನಗುನಗುತ್ತಾ ಗೇಟು ತೆರೆದು ಬಂದು ಮೇಜಿನ ತುದಿಯಲ್ಲಿ ಕುಳಿತಿತು. ಕಣ್ಣು ಮಂಜಾದ ನನ್ನ ಸೋದರತ್ತೆ ಸ್ಟಮಾಟಾ ಅವರನ್ನು ಅಪ್ಪನ ಹಡಗಿನ ದಿನಗಳ ಸ್ನೇಹಿತರೆಂದು ತಿಳಿದು, ಅಳುತ್ತಾ ತಬ್ಬಿಕೊಂಡು, ತಟ್ಟೆ ತುಂಬ ಬಡಿಸಿದಳು. ಇಷ್ಟು ಬೆಚ್ಚನೆಯ ಸ್ವಾಗತವನ್ನು ಅವರು ಬೇರೆಲ್ಲೂ ಕಂಡಿರಲಿಲ್ಲವಂತೆ; ಇದು ಅವರೇ ಬರೆದ ಮಾತು.

ನಾನು ಎದ್ದು ಅವರನ್ನು ಹೊರಗೆ ಕಳಿಸಲು ಹೊರಟೆ. ಅಮ್ಮ ನನ್ನ ತೋಳು ಹಿಡಿದಳು. “ಬಿಡು. ಇವತ್ತಿನ ಊಟದಿಂದ ಯಾರನ್ನೂ ಎಬ್ಬಿಸಬಾರದು.” ಆಮೇಲೆ ತಾನೇ ಎದ್ದು ಅವರ ಮುಂದೆ ಹೋಗಿ ನಿಂತಳು. “ತಿಂದಿರಲ್ಲ, ಈಗ ಹೇಳಿ: ದೇವರು ಅವನನ್ನು ಕ್ಷಮಿಸಲಿ.” ಸತ್ತವರ ಊಟ ಉಂಡವರು ನಮ್ಮಲ್ಲಿ ಹೇಳುವ ಮಾತದು. ಅವರಿಗೆ ಅರ್ಥವಾಗಲಿಲ್ಲ. ಅಮ್ಮ ಮಗುವಿಗೆ ಕಲಿಸುವಂತೆ ಒಂದೊಂದೇ ಪದ ಹೇಳಿಕೊಟ್ಟಳು. ಅವರು ಒಂದೊಂದೇ ಪದ ಹೇಳಿದರು. ನಾಲಗೆ ಹೊರಳಿದ ಸಂತೋಷಕ್ಕೆ ಲೋಟ ಎತ್ತಿ, “ದೇವರು ಅವನನ್ನು ಕ್ಷಮಿಸಲಿ!” ಎಂದು ಒಕ್ಕೊರಲಿನಿಂದ ಕೂಗಿ, ಲೋಟಕ್ಕೆ ಲೋಟ ತಾಗಿಸಿ ಟಣ್ ಎನಿಸಿದರು.

ಸತ್ತವರ ಊಟದಲ್ಲಿ ನಾವು ಲೋಟ ತಾಗಿಸುವುದಿಲ್ಲ, ಮಾನ್ಯರೇ. ಪಾದ್ರಿಗಳು ತಮ್ಮ ಗಡ್ಡವನ್ನು ನೋಡಿಕೊಂಡರು. ಆಗ ಅಮ್ಮ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲದೆ, ಕಣ್ಣಲ್ಲಿ ನೀರು ಬರುವಂತೆ, ಮೇಜಿನ ಅಂಚು ಹಿಡಿದುಕೊಂಡು ನಕ್ಕಳು. “ಅಯ್ಯೋ, ಥ್ರಾಸೋ, ನೋಡಿದೆಯಾ ನಿನ್ನ ಅತಿಥಿಗಳನ್ನ!” ಎಂದು ಇಲ್ಲದ ಅಪ್ಪನಿಗೆ ಹೇಳಿದಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಹೋಗಿ ನೀರು ತಂದೆ.

ಅವರು ಬರೆದ ವಿಮರ್ಶೆ ತಮ್ಮ ಪುಟದಲ್ಲಿ ಈಗಲೂ ರಾರಾಜಿಸುತ್ತಿದೆ. ‘ಸಿಬ್ಬಂದಿಯೆಲ್ಲ ಕಪ್ಪು ಸಮವಸ್ತ್ರದಲ್ಲಿ. ಸಂಗೀತ ಇರಲಿಲ್ಲ, ವಾತಾವರಣ ಕೊಂಚ ಗಂಭೀರ. ಕೊನೆಯ ಗೋಧಿಯ ಸಿಹಿ ಅದ್ಭುತ.’ ಕಳೆದಿದ್ದ ಅರ್ಧ ನಕ್ಷತ್ರವನ್ನು ತಾವು ಕೂಡಲೇ ಹಿಂದಿರುಗಿಸಿದಿರಿ. ಅದಕ್ಕಾಗಿ ನಾವು ಒಬ್ಬರನ್ನು ಕಳೆದುಕೊಳ್ಳಬೇಕಾಯಿತು. ಸಾಲದೆಂಬಂತೆ, ‘ಉಪಯುಕ್ತ ನುಡಿಗಳು’ ಎಂಬ ತಮ್ಮ ಅಂಕಣದಲ್ಲಿ ‘ಶುಭೋದಯ’ ಮತ್ತು ‘ಶೌಚಾಲಯ ಎಲ್ಲಿದೆ’ ಎಂಬವುಗಳ ನಡುವೆ ‘ದೇವರು ಅವನನ್ನು ಕ್ಷಮಿಸಲಿ: ಊಟಕ್ಕೆ ಮುಂಚೆ ಹೇಳುವ ಸ್ಥಳೀಯ ಶುಭಾಶಯ’ ಎಂದು ಸೇರಿಸಿದಿರಿ.

ಆ ಊಟದ ಮರುದಿನವೇ ನಾನು ಕಮ್ಮಾರನನ್ನು ಕರೆಸಿ ಗೇಟಿಗೆ ಬೀಗ ಹಾಕಿಸಿದೆ. ಜನ ಬರುವುದು ನಿಲ್ಲಲಿಲ್ಲ. ಗೇಟಿನ ಹೊರಗೆ ನಿಂತು, ಟೋಪಿ ತೆಗೆದು, ಹಲ್ಲು ಬಿಟ್ಟುಕೊಂಡು, “ದೇವರು ಅವನನ್ನು ಕ್ಷಮಿಸಲಿ!” ಎಂದು ಕೂಗುತ್ತಾರೆ. ನಾನು ಬೈದು ಓಡಿಸಲು ಹೊರಟರೆ ಕಿಟಕಿಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕುಳಿತ ಅಮ್ಮ ತಡೆಯುತ್ತಾಳೆ. “ಸುಮ್ಮನಿರೇ. ಬಿಷಪ್ಪು ಸತ್ತಾಗಲೂ ಇಷ್ಟು ಜನ ಬೇಡಿಕೊಂಡಿರಲಿಲ್ಲ. ನಿಮ್ಮಪ್ಪ ಮಾಡಿದ ಪಾಪಕ್ಕೆ ಇಷ್ಟು ಬೇಕಾಗಿರಲಿಲ್ಲ, ಉಳಿದದ್ದು ನನಗಾಗುತ್ತೆ.” ಆಮೇಲೆ ಹೊರಗಿನವರಿಗೆ “ಆಮೆನ್” ಎನ್ನುತ್ತಾಳೆ. ಅವರು ಊಟವಿಲ್ಲದೆಯೂ ತೃಪ್ತರಾಗಿ ಹೋಗುತ್ತಾರೆ. ಆದಕಾರಣ ನಮ್ಮ ಮನೆಯನ್ನು ತಮ್ಮ ಕೈಪಿಡಿಯಿಂದ ತೆಗೆದುಹಾಕಬೇಕೆಂದು ನಾನು ಕೇಳುತ್ತಿಲ್ಲ. ಅಮ್ಮ ಬೇಡವೆಂದಿದ್ದಾಳೆ.

ಕೇಳುವುದು ಬೇರೆಯೇ ಒಂದಿದೆ. ತಮ್ಮ ಬರಹದ ಮೇಲ್ಗಡೆ, ನಮ್ಮ ಮನೆಯಲ್ಲಿ ಉಂಡ ದಿನ ತಾವು ತೆಗೆದ ಅಮ್ಮನ ಚಿತ್ರವಿದೆ. ಮೀನಿನ ತಟ್ಟೆ ಹಿಡಿದು ನಿಂತಿದ್ದಾಳೆ. ಅವಳ ಭುಜದ ಮೇಲೆ ಒಂದು ಕೈ ಇದೆ, ಮಣಿಕಟ್ಟಿನವರೆಗೆ. ಚೌಕಟ್ಟಿನ ಅಂದಕ್ಕಾಗಿ ತಾವು ಉಳಿದದ್ದನ್ನು ಕತ್ತರಿಸಿದ್ದೀರಿ. ಅಪ್ಪನಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಸೇನೆಯಲ್ಲಿದ್ದಾಗಿನ ಒಂದು, ಗುರುತಿನ ಚೀಟಿಯ ಮೇಲೆ ಹೆದರಿಕೊಂಡಂತಿರುವ ಒಂದು, ಅಷ್ಟೇ ನಮ್ಮಲ್ಲಿರುವುದು. ಸಮಾಧಿಯ ಕಲ್ಲಿಗೆ ಒಂದು ಚಿತ್ರ ಬೇಕು. “ಅವತ್ತು ನಿಮ್ಮಪ್ಪ ನುಣ್ಣಗೆ ಕ್ಷೌರ ಮಾಡಿಕೊಂಡಿದ್ರು, ನಗ್ತಾ ಇದ್ರು” ಎನ್ನುತ್ತಾಳೆ ಅಮ್ಮ. ನನ್ನ ಫೋನನ್ನು ಇಸಿದುಕೊಂಡು ಆ ಚಿತ್ರವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಾಳೆ, ಆಚೆ ಕಡೆ ಅವರು ಇದ್ದಾರೆಂದುಕೊಂಡು. ಸರಿಸಿದರೆ ಸನ್‌ಸ್ಕ್ರೀನಿನ ಜಾಹೀರಾತು ಬರುತ್ತದೆ.

ಇದಕ್ಕಾಗಿ ತಮ್ಮ ಕಚೇರಿಗೆ ಮತ್ತೆ ಮತ್ತೆ ಬರೆದೆ. ತಮ್ಮ ಯಂತ್ರವು ಪ್ರತಿ ಸಲವೂ ಅತ್ಯಂತ ವಿನಯದಿಂದ ಉತ್ತರಿಸಿತು: ‘ಪ್ರಿಯ ಮಾಲೀಕರೇ, ಆಕರ್ಷಕ ಚಿತ್ರಗಳನ್ನು ಸೇರಿಸಿ ಇನ್ನಷ್ಟು ಗ್ರಾಹಕರನ್ನು ಸೆಳೆಯಿರಿ.’ ಆದ್ದರಿಂದ ಈಗ ಎಲ್ಲರೂ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ತಮ್ಮ ನಕ್ಷತ್ರಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಿ. ಬೇಕಿದ್ದರೆ ಮನೆಯಲ್ಲಿ ತಿಗಣೆ ಇವೆಯೆಂದೂ ಬರೆಯಿರಿ. ಕತ್ತರಿಸಿದ ಆ ತುಂಡನ್ನು ಮಾತ್ರ, ಎಲ್ಲಾದರೂ ಉಳಿದಿದ್ದರೆ, ಕಳಿಸಿಕೊಡಿ.

ತಮ್ಮ ವಿಶ್ವಾಸಿ,
ಅರ್ಗಿರೋ ಕುವೆಲೆಯಾ
ಮಾವ್ರೊಲಿಥಿ

ತಾ.ಕ.: ನಮ್ಮ ಪಕ್ಕದ ಮನೆಯ ಪನಾಗೋಸ್ ನಿಜವಾಗಿಯೂ ಹೋಟೆಲು ನಡೆಸುತ್ತಾನೆ. ಫಲಕವಿದೆ, ಮೆನು ಇದೆ, ಸಿಹಿಯೂ ಇದೆ. ಆದಕಾರಣ ತಮ್ಮ ಓದುಗರು ಅದನ್ನು ‘ಸಾಚಾ ಅಲ್ಲ’ವೆಂದು ದಾಟಿಕೊಂಡು ಬರುತ್ತಾರೆ. ಈ ಪತ್ರ ಬರೆಯುವುದನ್ನು ಕಂಡು ಆತ ಬೇಲಿಯಾಚೆಯಿಂದ ಕೂಗಿ ಹೇಳಿದ್ದನ್ನು ಹಾಗೆಯೇ ತಲುಪಿಸುತ್ತಿದ್ದೇನೆ: “ಅರ್ಗಿರೋ, ನಮ್ಮ ಮನೇಲೂ ಸತ್ತೋರು ಇದ್ದಾರೆ ಅಂತ ಒಂದು ಮಾತು ಸೇರಿಸಿ ಬರಿ, ಪುಣ್ಯ ಬರುತ್ತೆ!”