ಮಂದಿ ಕೂಸಿಗೆ ಬೈಬಾರದು

"ಯಾರ ಕಣ್ಣು ಬಿತ್ತಪಾ ನನ್ನ ರವಿವಾರಕ್ಕ?"

ಅನಿಲಕುಮಾರ ಯಾರನ್ನೂ ಕೇಳಲಿಲ್ಲ, ಗಾಳಿಗೆ ಕೇಳಿದ. ಹೆಂಡತಿ ಯಂಕಂಚಿ ಊರಿಗೆ ಹೋಗುವ ಮುನ್ನ ಬಡಿದಿಟ್ಟಿದ್ದ ಖಡಕ್ ರೊಟ್ಟಿಗಳನ್ನು ಕೋಮಲ ಎರಡೂ ಕೈಯಲ್ಲಿ ಹಿಡಿದು ಭಜನೆಯ ತಾಳದಂತೆ ಬಡಿಯುತ್ತಿದ್ದಳು. ಚೂರುಗಳು ಹಾರಿ ಮೊಸರಿನ ಗಡಿಗೆಗೆ ಬೀಳುತ್ತಿದ್ದವು. ಅವನ ಮಗಳು ಪಲ್ಲವಿ ಮಾತ್ರ ಮೂಲೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದಳು.

ಕೋಮಲ ರೇವವ್ವ ಅಕ್ಕೋರ ಮಗಳು. ವಸತಿಶಾಲೆಯ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವುದರಲ್ಲಿ ಅಕ್ಕೋರು ಇಡೀ ಸಿಂದಗಿಗೆ ಹೆಸರಾದವರು. ಅವರ ಟ್ಯೂಶನ್ನಿನಲ್ಲಿ ಒಂದೇ ಜಾಗ ಉಳಿದಿತ್ತು. ಅದು ಪಲ್ಲವಿಗೆ ಸಿಗಲೆಂದು ಅನಿಲಕುಮಾರ ಕೈ ಮುಗಿದು ಮುಗಿದು ಸೋತಿದ್ದ. "ಪ್ಯಾಟಿಗಿ ಹೋಗಿ ಬರ್ತೇನ್ರಿ, ಕೋಮಲ ಇಲ್ಲೇ ಆಡ್ಲಿ. ಪಲ್ಲವಿದು ಬಂದ ಮ್ಯಾಲೆ ಹೇಳ್ತೇನಿ" ಎಂದು ಅಕ್ಕೋರು ಮಗಳನ್ನು ಬಿಟ್ಟು ಹೋಗಿದ್ದರು. ಹಾಗಾಗಿ ಅವನ ಸಿಟ್ಟು ಸೀಟಿ ಹೊಡೆಯಲಾರದ ಕುಕ್ಕರಿನಂತೆ ಒಳಗೇ ಕುದಿಯುತ್ತಿತ್ತು.

ರೊಟ್ಟಿ ಮುಗಿದವು. ಕೋಮಲ ದೇವರ ಜಗಲಿಯಿಂದ ವಿಭೂತಿಗಟ್ಟಿ ತಂದು ಟಿವಿಯ ಮೇಲೆ ಮೀಸೆ ಬರೆದಳು.

"ಏ ಕೋಮಲಾ!"

ಪಕ್ಕದ ಕಟ್ಟೆಯಿಂದ ಬಾಳಮ್ಮಾಯಿ ಕೂಗಿದಳು: "ತಮ್ಮಾ, ಮನಿಗಿ ಬಂದ ಮಂದಿ ಕೂಸಿಗೆ ಬೈತಾರೇನೋ? ನಿನ್ನ ಮಗಳಿಗಿ ಬೈ. ಅದನ್ನ ಕೇಳಿ ಆಕಿ ತಾನ ಸುಮ್ಮಾಗ್ತಾಳ. ನಾವೆಲ್ಲಾ ಹಂಗ ಮಾಡೀವಿ."

"ಬೈದ್ರ ಜೋರ್ ಬೈರಿ ಸರ," ಎದುರುಮನೆಯ ಮಲಿಕಸಾಬ ಕೂಡಿಸಿದ. "ಪಿಸಿಪಿಸಿ ಅಂದ್ರ ಯಾರಿಗಿ ಕೇಳ್ತೈತಿ?"

ಅನಿಲಕುಮಾರ ಕಣ್ಣನ್ನು ಕೋಮಲಳ ಮೇಲಿಟ್ಟು ಬಾಯನ್ನು ಪಲ್ಲವಿಯ ಕಡೆ ತಿರುಗಿಸಿದ. "ಪಲ್ಲವೀ! ನಾಚಿಕಿ ಐತೇನ ನಿನಗ? ರೊಟ್ಟಿ ಮುರೀತಿ, ದೇವರ ವಿಭೂತಿ ಟಿವಿಗಿ ಬಳೀತಿ!"

"ಅಪ್ಪಾ, ನಾ ಲೆಕ್ಕ ಮಾಡಾಕತ್ತೇನಿ..."

"ಎದುರ ಮಾತಾಡಬ್ಯಾಡ!"

ಪಲ್ಲವಿ ಅಳತೊಡಗಿದಳು. ಕೋಮಲ ಚಪ್ಪಾಳೆ ತಟ್ಟಿದಳು. "ಮಾಮಾ, ಇನ್ನೊಮ್ಮಿ ಬೈರಿ!"

ಬೈಗುಳ ಕೇಳುವ ಆಸೆಗೇ ಅವಳು ಜೋಳದ ಹಿಟ್ಟಿನ ಡಬ್ಬಿ ಬೋರಲು ಹಾಕಿದಳು. ಆಮೇಲೆ ಅವನ ಇಸ್ತ್ರಿ ಅಂಗಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿದಳು. ಪ್ರತಿ ಸಲವೂ ಪಲ್ಲವಿಗೇ ಬೈಗುಳ. ಓಣಿಯೆಲ್ಲ ಬಾಗಿಲಿಗೆ ಬಂತು. ಅಂಗಿ ಮುಳುಗುವ ಹೊತ್ತಿಗೆ ಅನಿಲಕುಮಾರನಿಗೆ ಇದು ನಾಟಕವೆಂಬುದೇ ಮರೆತುಹೋಗಿತ್ತು.

"ನಿನ್ನ ಜೋಡಿ ಕುಂತ ಹುಡುಗ್ರೂ ಕೆಟ್ಟು ಹೋಗ್ತಾವು! ಯಾವ ಸಾಲ್ಯಾಗೂ ನಿನ್ನ ಇಟ್ಕೊಳ್ಳಂಗಿಲ್ಲ!"

ಓಣಿಯ ಮಂದಿ ಸರಿದು ದಾರಿ ಬಿಟ್ಟರು. ಬಾಗಿಲಲ್ಲಿ ಕಾಯಿಪಲ್ಯದ ಚೀಲ ಹಿಡಿದು ರೇವವ್ವ ಅಕ್ಕೋರು ನಿಂತಿದ್ದರು. ಅವ್ವನ ಚಪ್ಪಲಿ ಸಪ್ಪಳ ಕೇಳಿದ್ದೇ ಕೋಮಲ ಪಲ್ಲವಿಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಪೂಜೆಗೆ ಕೂತವಳ ಹಾಗೆ ಕೂತಿದ್ದಳು.

"ಓಣಿ ತುದೀಗೇ ಕೇಳಾಕತ್ತಿತ್ರಿ ನಿಮ್ಮ ದನಿ," ಅಕ್ಕೋರು ಅಂದರು. "ಪಲ್ಲವಿಗಿ ನಾಳಿಂದ ಬಾ ಅಂತ ಹೇಳಾಕ ಬಂದಿದ್ದೆ."

"ಅಕ್ಕೋರ, ಇದೆಲ್ಲಾ ಮಾಡಿದ್ದು ಆಕಿ ಅಲ್ರಿ..."

"ಮತ್ಯಾರ್ರಿ?"

ಅನಿಲಕುಮಾರ ಒಮ್ಮೆ ಕೋಮಲಳನ್ನು ನೋಡಿ, ಟಿವಿಯ ಮೀಸೆ ಒರೆಸತೊಡಗಿದ. ಬಾಳಮ್ಮಾಯಿ ನೆರವಿಗೆ ಬಂದಳು: "ಖರೇನ್ರಿ ಅಕ್ಕೋರ, ಮುಂಜಾನಿಂದ ಪಾಪ ಮಗಳಿಗಿ ಬೈದು ಬೈದು ಗಂಟಲ ಹರಕೊಂಡಾನ!"

"ಒಂದ ತಿಂಗಳ ಇಟ್ಕೊಂಡು ನೋಡ್ರಿ ಅಕ್ಕೋರ. ಕಾಲ ಬೀಳ್ತೇನಿ," ಅನಿಲಕುಮಾರ ಕೈ ಮುಗಿದ.

ಅಕ್ಕೋರು ಮಗಳ ಕೈ ಹಿಡಿದುಕೊಂಡರು.

"ಹಡೆದ ಅಪ್ಪನೇ ಇಷ್ಟು ಹೇಳಾಕತ್ತಾನ. ನನ್ನ ಕೋಮಲ ಭಾಳ ಮೆತ್ತನ್ನ ಹುಡುಗಿ. ನಾ ಒಲ್ಲೆರಿ."