ನೀಲಿ ಬೈಕು

ನಾಗರ ಪಂಚಮಿ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಆಳಂದದ ಅಮರನಾಥ ತನ್ನ ಮನೆಯ ಪಡಸಾಲೆಯಲ್ಲಿ ಹೊಸ ವಿಡಿಯೋ ಗೇಮ್ ಯಂತ್ರದ ಗುಂಡಿ ಒತ್ತಿದ. ಆಟ ಶುರುವಾಗಲಿಲ್ಲ. ಯಂತ್ರ ಅವನ ಹೆಸರು ಕೇಳಿತು.

ಅಮರನಾಥ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ವಯಸ್ಸು ನಲವತ್ತು ದಾಟಿದೆ. ವಿಡಿಯೋ ಗೇಮ್ ಮೇಲೆ ಅವನಿಗೆ ಅಂಥ ಪ್ರೀತಿಯೇನೂ ಇಲ್ಲ. ಆದರೆ ಆ ಸಂಜೆಯೊಳಗೆ ಅವನು ಒಂದು ಆಟ ಗೆಲ್ಲಲೇಬೇಕಿತ್ತು.

ಕಾರಣ ಅವನ ಅಕ್ಕ ಬಸವೇಶ್ವರಿ. ಅವಳನ್ನು ಜೇವರ್ಗಿಗೆ ಕೊಟ್ಟಿದೆ. ಪ್ರತಿ ಪಂಚಮಿಗೆ ತವರಿಗೆ ಬರುತ್ತಾಳೆ. ಚಿಕ್ಕವರಿದ್ದಾಗ ಅಪ್ಪ ಕಲಬುರಗಿಯಿಂದ ತಂದುಕೊಟ್ಟ ಕ್ಯಾಸೆಟ್ ವಿಡಿಯೋ ಗೇಮಿನಲ್ಲಿ ಅಕ್ಕ ತಮ್ಮ ಇಬ್ಬರೂ ಮೋಟಾರ್ ಬೈಕಿನ ಓಟ ಆಡುತ್ತಿದ್ದರು. ಅಕ್ಕನದು ಕೆಂಪು ಬೈಕು, ತಮ್ಮನದು ನೀಲಿ. ಪಂಚಮಿ ದಿನ ಸೋತವರು ಗೆದ್ದವರ ಜೋಕಾಲಿ ತೂಗಬೇಕು ಎಂಬ ನಿಯಮ ಆಗಲೇ ಹುಟ್ಟಿತು. ಅಪ್ಪ ಅವ್ವ ಇಬ್ಬರೂ ಹೋದರು, ಮಕ್ಕಳಿಬ್ಬರಿಗೂ ಮದುವೆಯಾಯಿತು, ನಿಯಮ ಮಾತ್ರ ಉಳಿಯಿತು. ನೀಲಿ ಬೈಕು ಇದುವರೆಗೆ ಒಮ್ಮೆಯೂ ಗೆದ್ದಿರಲಿಲ್ಲ.

ಹೋದ ವರ್ಷದವರೆಗೆ ಅಮರನಾಥ ಇದನ್ನು ಸಹಿಸಿಕೊಂಡಿದ್ದ. ಹೋದ ವರ್ಷ ಏನಾಯಿತೆಂದರೆ, ಓಣಿಯ ತುದಿಯ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಅವನು ಬೆವರು ಸುರಿಸುತ್ತ ತೂಗುವುದನ್ನು ಪಕ್ಕದ ಮನೆಯ ದೌಲತರಾಯರು ಮೊಬೈಲಿನಲ್ಲಿ ತೆಗೆದು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಮರುದಿನವೇ ಅದು ಶಾಲೆ ಮುಟ್ಟಿತು. ಅಂದಿನಿಂದ ಅವನು ಒಂಬತ್ತನೇ ತರಗತಿಗೆ ಕಾಲಿಟ್ಟರೆ ಸಾಕು, ಹುಡುಗರು ತುಟಿ ಬಿಚ್ಚದೆ ಬೆಂಚಿನ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದರು. ಬಯ್ಯೋಣವೆಂದರೆ ಒಬ್ಬನೂ ಒಂದು ಮಾತಾಡಿರುತ್ತಿರಲಿಲ್ಲ. ಆ ಹುಡುಗರು ಪಾಸಾಗಿ ಹತ್ತಕ್ಕೆ ಹೋದರು. ಹೋಗುವಾಗ ತೂಗುವುದನ್ನು ಒಂಬತ್ತರ ಹೊಸ ಹುಡುಗರಿಗೆ ಕಲಿಸಿಯೇ ಹೋಗಿದ್ದರು. ಇನ್ನೊಂದು ವರ್ಷ ಇದೇ ನಡೆದರೆ ಪಾಠ ಮಾಡುತ್ತಲೇ ತಲೆ ತಿರುಗಿ ಬೀಳುತ್ತೇನೆ ಎಂದು ಅಮರನಾಥನಿಗೆ ಖಾತ್ರಿಯಾಗಿತ್ತು.

ಹಳೆಯ ಯಂತ್ರದಲ್ಲಿ ಅಕ್ಕನನ್ನು ಸೋಲಿಸುವುದು ಆಗದ ಕೆಲಸ. ಹೊಸ ಯಂತ್ರವನ್ನು ಅವಳು ಕಣ್ಣಿಂದ ಕಂಡಿಲ್ಲ. ಹೀಗೆ ಲೆಕ್ಕ ಹಾಕಿ ಅವನು ಕಲಬುರಗಿಗೆ ಹೋಗಿ ಹೊಸದನ್ನು ತಂದಿದ್ದ.

ಬಸವೇಶ್ವರಿ ಹಬ್ಬದ ಶೇಂಗಾ ಉಂಡಿ ಕಚ್ಚುತ್ತ ಬಂದು ಯಂತ್ರವನ್ನು ಸುತ್ತಲೂ ನೋಡಿದಳು.

"ಲೇ ಅಮರ್ಯಾ, ಇದರಾಗ ಕ್ಯಾಸೆಟ್ ಎಲ್ಲಿ ಹಾಕ್ತಾರ?"

"ಇದಕ್ಕ ಕ್ಯಾಸೆಟ್ ಇರಂಗಿಲ್ಲಕ್ಕ. ಎಲ್ಲಾ ಒಳಗ ಇರ್ತದ."

"ಮತ್ತ ಊದೋದು ಎಲ್ಲಿ?"

"ಊದೋದು ಇಲ್ಲ."

"ಊದೋದು ಇಲ್ಲ ಅಂದ್ರ, ಕೆಟ್ರ ಏನ್ ಮಾಡ್ತಿ?"

ಅಮರನಾಥ ತನ್ನ ಹೆಸರಿನ ಅಕ್ಷರ ಒತ್ತುತ್ತಿರುವಾಗ ದೌಲತರಾಯರು ತಮ್ಮ ತಾಯಿ ಹೀರಾಬಾಯಿಯ ಕೈ ಹಿಡಿದುಕೊಂಡು ಒಳಗೆ ಬಂದರು. ದೌಲತರಾಯರು ತಹಶೀಲ್ ಕಚೇರಿಯಿಂದ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತ್ತು, ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ಎಂಬತ್ತು ದಾಟಿದ ಹೀರಾಬಾಯಿ ಓಣಿಗೆಲ್ಲ ಆಯಿ.

ಅಷ್ಟರಲ್ಲಿ ಯಂತ್ರ ಹುಟ್ಟಿದ ತಾರೀಖು ಕೇಳಿತು. ಅಮರನಾಥ ಜೂನ್ ಒಂದು ಎಂದು ಒತ್ತತೊಡಗಿದ.

"ತಡಿ ತಡಿ," ಎಂದರು ದೌಲತರಾಯರು. "ಅದು ಸಾಲಿ ತಾರೀಖು. ಈ ಓಣ್ಯಾಗ ಹುಟ್ಟಿದವ್ರೆಲ್ಲಾ ಜೂನ್ ಒಂದೇ. ನಂದೂ ಅದೇ, ನಿಮ್ಮಪ್ಪಂದೂ ಅದೇ. ಹೆಸರು ಹಚ್ಚುವಾಗ ಮಾಸ್ತರು ತಾವೇ ಬರಕೊಂಡಿದ್ದು. ಖರೆ ತಾರೀಖು ಹಾಕು."

"ಕಾಕಾ, ಇದು ಆಡೋ ಮಷಿನ್ ರೀ."

"ಯಾವ್ದರೆ ಇರ್ಲಿ. ಸುಳ್ಳು ತಾರೀಖು ಕೊಟ್ರ ಮುಂದ ತ್ರಾಸ ಆಗ್ತದ. ನಾ ನೋಡೇನಿ."

"ಅವ ಹುಟ್ಟಿದ್ದು ಬಿಳಿಜ್ವಾಳ ಎದಿಮಟ ಬಂದಾಗ," ಎಂದರು ಹೀರಾಬಾಯಿ. "ನಾನೇ ಬಿಸಿನೀರು ಕಾಸೇನಿ."

"ಇಲ್ಲ ಆಯಿ, ತೊಗರಿ ರಾಶಿ ನಡೆದಿತ್ತು. ಅಪ್ಪ ಹೊಲದಾಗಿಂದ ಓಡಿ ಬಂದಿದ್ದ," ಎಂದಳು ಬಸವೇಶ್ವರಿ.

ಜೋಳ ಮೊದಲೋ ತೊಗರಿ ಮೊದಲೋ ಎಂಬ ವಾದ ಅಡುಗೆ ಮನೆಗೂ ಮುಟ್ಟಿತು. ಅಮರನಾಥನ ಹೆಂಡತಿ ಭಾಗ್ಯಜ್ಯೋತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಯಾವಾಗರೆ ಹುಟ್ಟ್ಯಾರ್ರಿ, ಈಗ ಜಳಕ ಮಾಡಂತ ಹೇಳ್ರಿ," ಎಂದು ಹೋದಳು. ಕಡೆಗೆ ಡಿಸೆಂಬರಿನ ಒಂದು ತಾರೀಖಿಗೆ ರಾಜಿಯಾಯಿತು. ತಾರೀಖು ತಿಂಗಳು ಮುಗಿದ ನಿರಾಳದಲ್ಲಿ ಅಮರನಾಥ ವರ್ಷವನ್ನು ತಿರುಗಿಸುವುದನ್ನೇ ಮರೆತು ಗುಂಡಿ ಒತ್ತಿಬಿಟ್ಟ. ಯಂತ್ರ ತಾನಾಗಿ ತೋರಿಸಿದ್ದ ವರ್ಷ ಹಾಗೇ ಉಳಿಯಿತು. ಆ ಲೆಕ್ಕಕ್ಕೆ ಅಮರನಾಥನಿಗೆ ಒಂಬತ್ತು ವರ್ಷ.

ಪರದೆಯ ಮೇಲೆ ಬಣ್ಣಬಣ್ಣದ ಬಲೂನುಗಳು ಹಾರಿದವು. ಸ್ವಾಗತ ಅಮರನಾಥ, ನೀನಿನ್ನೂ ಚಿಕ್ಕವನು, ದೊಡ್ಡವರನ್ನು ಕರೆ ಎಂದು ಯಂತ್ರ ಇಂಗ್ಲಿಷಿನಲ್ಲಿ ಹೇಳಿತು. ಅವನು ಹಿಂದೆ ಹೋಗಲು ನೋಡಿದ. ಒಮ್ಮೆ ಕೊಟ್ಟ ಜನ್ಮದಿನ ಬದಲಿಸಲು ಬರುವುದಿಲ್ಲ ಎಂದಿತು.

"ಅಫಿಡವಿಟ್ ಮಾಡಿಸಬೇಕಾಗ್ತದ," ಎಂದರು ದೌಲತರಾಯರು, ತಮ್ಮ ಕಾಲದ ಸಾವಿರ ಅರ್ಜಿಗಳನ್ನು ನೆನೆದವರಂತೆ.

"ಪಾಲಕರು ನಾನೇ," ಎಂದು ಬಸವೇಶ್ವರಿ ತನ್ನ ಫೋನ್ ಮುಂದೆ ಮಾಡಿದಳು. "ಅವ್ವ ಹೋದಮ್ಯಾಗ ಇವನ್ನ ನೋಡಕೊಂಡವರು ಯಾರು?"

ಓಟಿಪಿ ಅವಳ ಫೋನಿಗೆ ಬಂತು. ಹಿಂದೆಯೇ ಒಂದು ಪ್ರಶ್ನೆಯೂ ಬಂತು: ಮಗು ದಿನಕ್ಕೆ ಎಷ್ಟು ಹೊತ್ತು ಆಡಬಹುದು?

"ಒಂದು ತಾಸು ಸಾಕು. ಕಣ್ಣು ಕೆಡ್ತಾವ," ಎಂದು ಅವಳೇ ಒತ್ತಿದಳು.

ಅಮರನಾಥನಿಗೆ ಬೆಳಗಿನಿಂದ ಏನೋ ಕೈ ತಪ್ಪಿ ಹೋಗುತ್ತಿದೆ ಅನ್ನಿಸಿತು. ಏನು ಎಂದು ತಿಳಿಯಲಿಲ್ಲ. ತಿಳಿಯುವ ಮೊದಲೇ ಯಂತ್ರ ಅಪ್‌ಡೇಟ್ ಕೇಳಿತು.

ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಮಸೂದನನ್ನು ಕರೆಸಲಾಯಿತು. ಮಸೂದ ತನ್ನ ಫೋನಿನಿಂದ ಇಂಟರ್ನೆಟ್ ಕೊಟ್ಟ. ಪರದೆಯ ಮೇಲೆ ಸಣ್ಣದೊಂದು ಗೆರೆ ಹುಟ್ಟಿತು.

"ಎಷ್ಟೊತ್ತು ಹಿಡೀತದೋ ಮಸೂದ?"

"ಹದಿನಾಲ್ಕು ತಾಸು ಅಂತ ತೋರಸಾಕತ್ತದ ಸರ್. ಇಲ್ಲ ಇಲ್ಲ, ಆರು ನಿಮಿಷ. ಜರಾ ತಡೀರಿ. ಮೂರು ದಿನ ಅಂತದ ನೋಡ್ರಿ."

ಮದುವೆ ಮನೆಯ ಅಡುಗೆಯವನನ್ನು ಊಟ ಎಷ್ಟೊತ್ತಿಗೆ ಎಂದು ಕೇಳಿದಂತೆ, ಆ ಯಂತ್ರ ಒಂದೊಂದು ಸಲ ಒಂದೊಂದು ಹೊತ್ತು ಹೇಳುತ್ತಿತ್ತು. ಅಮರನಾಥ ಗೆರೆಯ ಎದುರು ಚಕ್ಕಳಮಕ್ಕಳ ಹಾಕಿ ಕುಳಿತ.

ಒಳಕೋಣೆಯಿಂದ ಏನೋ ಸದ್ದು ಕೇಳಿತು. ಬಸವೇಶ್ವರಿ ಅಟ್ಟದಿಂದ ಹಳೆಯ ಯಂತ್ರ ಇಳಿಸಿ ದಪ್ಪ ಬೆನ್ನಿನ ಹಳೆ ಟಿವಿಗೆ ಜೋಡಿಸಿದ್ದಳು. ಕ್ಯಾಸೆಟ್ ಹೊರಗೆ ತೆಗೆದು, ಒಲೆ ಊದಿದಂತೆ ಎರಡು ಸಲ ಊದಿ, ಮತ್ತೆ ಒಳಗೆ ತಳ್ಳಿದಳು. ಟಿವಿಯ ತಲೆಗೆ ಒಂದು ಏಟು ಕೊಟ್ಟಳು. ಟಿಂಟಿಂಟಿಣಿ ಎಂದು ಸಂಗೀತ ಶುರುವಾಯಿತು. ಹೆಸರು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ, ಎರಡು ಬೈಕು ಬಂದು ನಿಂತವು.

"ಆಯಿ, ನೀವು ನೀಲಿದು ಹಿಡೀರಿ," ಎಂದಳು. "ಈ ಗುಂಡಿ ಒತ್ತಿದ್ರ ಓಡ್ತದ, ಇದು ಒತ್ತಿದ್ರ ಹಾರ್ತದ."

"ಬ್ರೇಕ್?"

"ಬ್ರೇಕ್ ಇಲ್ಲ."

"ನಮ್ಮ ದೌಲತನ ಗಾಡಿ ಇದ್ದಂಗ ಅದ ನೋಡು," ಎಂದರು ಹೀರಾಬಾಯಿ.

ಅರ್ಧ ತಾಸಿನಲ್ಲಿ ಒಳಕೋಣೆಯಿಂದ ನಗು, ಬೈಗುಳ, ಚಪ್ಪಾಳೆ ಬರತೊಡಗಿತು. ದೌಲತರಾಯರು ತಾಯಿಯನ್ನು ನೋಡಿ ಬರುತ್ತೇನೆಂದು ಹೋದವರು ಬರಲಿಲ್ಲ. ಭಾಗ್ಯಜ್ಯೋತಿ ಉಂಡಿಯ ತಟ್ಟೆ ಹಿಡಿದು ಪಡಸಾಲೆಯನ್ನು ದಾಟಿ ಒಳಗೇ ಹೋದಳು. ಎದುರು ಮನೆಯ ಹೆಂಗಸರು ನಾಗಪ್ಪನಿಗೆ ಹಾಲೆರೆದು ಬಂದವರು ಹಿತ್ತಲ ಬಾಗಿಲಿನಿಂದ ಸೇರಿಕೊಂಡರು. ಕಡೆಗೆ ಮಸೂದ, "ಬರೇ ಎರಡು ನಿಮಿಷ ಸರ್, ಈಗ ಬಂದೆ," ಎಂದು ಎದ್ದ. ಅವನ ಜೇಬಿನ ಫೋನ್ ಅವನ ಜೊತೆಗೇ ಹೋಯಿತು. ಗೆರೆ ನಿಂತಿತು.

ಅಮರನಾಥ ಆ ಫೋನನ್ನು ಕೇಳಿ ತಂದು ಯಂತ್ರದ ಪಕ್ಕ ಇಟ್ಟುಕೊಂಡ. ಮಧ್ಯಾಹ್ನದ ಹೊತ್ತಿಗೆ ಗೆರೆ ಅರ್ಧ ದಾಟಿತ್ತು. ಕರೆಂಟ್ ಹೋಯಿತು. ಕರೆಂಟ್ ಬಂದಾಗ ಒಳಕೋಣೆಯಲ್ಲಿ ಒಂದು ಊದು, ಒಂದು ಏಟು, ಟಿಂಟಿಂಟಿಣಿ. ಪಡಸಾಲೆಯಲ್ಲಿ ಮಾತ್ರ ಹೊಸ ಯಂತ್ರ ತನ್ನನ್ನು ಸರಿಯಾದ ರೀತಿಯಲ್ಲಿ ಬಂದ್ ಮಾಡಿಲ್ಲವೆಂದು ಅಮರನಾಥನನ್ನು ಗದರಿತು. ಹಾಗೆ ಮಾಡಬಾರದೆಂದು ಚಿತ್ರ ತೋರಿಸಿ ತಿಳಿಸಿತು. ಆಮೇಲೆ ಗೆರೆಯನ್ನು ಮೊದಲಿನಿಂದ ಎಳೆಯತೊಡಗಿತು. ತಾನು ಕರೆಂಟ್ ತೆಗೆದದ್ದು ಯಾವಾಗ ಎಂದು ಅವನು ನಿಜಕ್ಕೂ ಯೋಚಿಸಿದ.

ಸಂಜೆ ಬಿಸಿಲು ಇಳಿದಾಗ ಬಸವೇಶ್ವರಿ ಬಾಗಿಲಲ್ಲಿ ಬಂದು ನಿಂತಳು.

"ತಮ್ಮಾ, ಜೋಕಾಲಿ ಹೊತ್ತಾತು. ನಿನ್ನ ಮಷಿನ್ ಎದ್ದದೇನು?"

"ಇನ್ನ ಜರಾ."

"ಮುಂಜಾನಿಂದ ಜರಾನೇ ಅದ. ಬಾ, ಹಳೇದರಾಗೇ ಮುಗಸಿಬಿಡೋಣ."

ಅಮರನಾಥ ಬಲಿಗೆ ಹೋಗುವ ಕುರಿಯಂತೆ ಒಳಗೆ ಹೋದ. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೀರಾಬಾಯಿ ದಿವಾನದ ಮೇಲೆ ಕುಳಿತು ನೀಲಿ ಬೈಕಿನ ರಿಮೋಟನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದರು.

"ಆಯಿ, ಈಗ ಅವನಿಗೆ ಕೊಡ್ರಿ."

"ನಾ ಯಾಕ ಕೊಡ್ಲಿ? ಈಗ ಕೈಗೆ ಹತ್ಯದ."

ಬಸವೇಶ್ವರಿ ಡಬ್ಬಿಯ ತಳದಿಂದ ಅಂಥದೇ ಇನ್ನೊಂದು ಕರಿ ರಿಮೋಟ್ ತೆಗೆದಳು. ಹಿಂದೆಲ್ಲ ಓಣಿಯ ಸಣ್ಣ ಮಕ್ಕಳು ನಮಗೂ ಆಟ ಬೇಕೆಂದು ಅತ್ತರೆ ಅದನ್ನು ಕೊಟ್ಟು ಕೂರಿಸುತ್ತಿದ್ದರು. ಅದರ ವೈರು ಯಾವುದಕ್ಕೂ ಸೇರಿರುತ್ತಿರಲಿಲ್ಲ. ಮಕ್ಕಳು ಗಂಟೆಗಟ್ಟಲೆ ಒತ್ತುತ್ತ, ಗೆದ್ದೆವೆಂದು ಕುಣಿದು ಮನೆಗೆ ಹೋಗುತ್ತಿದ್ದರು.

"ತಗೋರಿ ಆಯಿ, ಇದೂ ನೀಲಿದೇ. ನೀವೂ ಆಡ್ರಿ, ಅವನೂ ಆಡ್ತಾನ," ಎಂದು ಅಮರನಾಥನಿಗೆ ಕಣ್ಣು ಹೊಡೆದಳು.

ಹೀರಾಬಾಯಿ ಆ ರಿಮೋಟನ್ನೂ ತೆಗೆದುಕೊಂಡರು, ಮೊದಲಿನದನ್ನು ಮಡಿಲಲ್ಲಿ ಇಟ್ಟುಕೊಂಡರು. ಆಗಲೇ ಮತ್ತೆ ಕರೆಂಟ್ ಹೋಯಿತು. ಕಿಟಕಿ ಮುಚ್ಚಿದ ಕೋಣೆ ಕತ್ತಲಾಯಿತು. "ಯಾರೂ ಏಳಬ್ಯಾಡ್ರಿ, ವೈರ್ ತುಳೀತೀರಿ, ನಾ ಎಲ್ಲಾ ಬರೋಬ್ಬರಿ ಮಾಡ್ತೇನಿ," ಎಂದ ದೌಲತರಾಯರು ತಾಯಿಯ ಮಡಿಲಿಗೆ ಕೈ ಹಾಕಿ ರಿಮೋಟುಗಳನ್ನೆಲ್ಲ ಸೇರಿಸಿ, ವೈರು ಬಿಡಿಸಿ, ತಡವರಿಸುತ್ತ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟರು. ಕರೆಂಟ್ ಬಂತು. ಒಂದು ಊದು, ಒಂದು ಏಟು. ಓಟ ಶುರುವಾಯಿತು.

ಮೊದಲ ತಿರುವಿನಲ್ಲೇ ಅಮರನಾಥ ಬೆರಗಾದ. ನೀಲಿ ಬೈಕು ಎಂದೂ ಹೀಗೆ ಓಡಿರಲಿಲ್ಲ. ತೆಗ್ಗು ಬಂತು, ಹಾರಿತು. ಕಲ್ಲು ಬಂತು, ಬಳುಕಿ ದಾಟಿತು. ಒಂದೆರಡು ಕಡೆ ಅವನು ಗುಂಡಿ ಒತ್ತುವ ಮೊದಲೇ ಬೈಕು ಗಾಳಿಯಲ್ಲಿತ್ತು.

"ನೋಡ್ರಿ, ನೋಡ್ರಿ," ಎಂದ ಅವನು, ಒತ್ತುತ್ತಲೇ. "ಹಳೇ ಮಾಲು ಅಂದ್ರ ಹಿಂಗಿರ್ತದ. ಆ ಹೊಸದು ಹುಟ್ಟಿದ ತಾರೀಖು ಕೇಳ್ತದ, ಇದು ಮನಸಿನ್ಯಾಗಿಂದು ತಿಳಕೋತದ. ನಾ ಅನ್ಕೊಂಡ್ರ ಸಾಕು, ತಾನೇ ಮಾಡ್ತದ."

"ಖರೆ ಅದ ಸರ್," ಎಂದ ಮಸೂದ.

ಬಸವೇಶ್ವರಿ ಮುಂದಕ್ಕೆ ಬಾಗಿ ಆಡಿದಳು. ಕೆಂಪು ಬೈಕು ಕೊನೆಯ ಗುಡ್ಡದಲ್ಲಿ ಮಗುಚಿತು. ನೀಲಿ ಬೈಕು ಗೆರೆ ದಾಟಿತು.

ಅಮರನಾಥ ಎದ್ದ. ರಿಮೋಟನ್ನು ದಿವಾನದ ಮೇಲೆ ಎಸೆದ. ಮಸೂದನನ್ನು ಅಪ್ಪಿಕೊಂಡ, ದೌಲತರಾಯರನ್ನು ಅಪ್ಪಿಕೊಂಡ, ಹೆಂಡತಿಯ ಕೈಯಿಂದ ಉಂಡಿ ಕಸಿದು ಬಾಯಿಗಿಟ್ಟುಕೊಂಡ. ಒಂಬತ್ತನೇ ತರಗತಿಯ ಬೆಂಚುಗಳು ಕದಲದೆ ನಿಂತದ್ದು ಅವನ ಕಣ್ಣಿಗೆ ಕಟ್ಟಿತು.

"ಅಕ್ಕಾ, ನಡಿ, ಜೋಕಾಲಿ ತೂಗು," ಎಂದ, ಬಾಯಿ ತುಂಬ ಉಂಡಿ ಇಟ್ಟುಕೊಂಡೇ.

ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರೂ ಟಿವಿ ನೋಡುತ್ತಿದ್ದರು. ಅಲ್ಲಿ ಎರಡನೇ ಓಟ ತಾನಾಗಿ ಶುರುವಾಗಿತ್ತು. ಕೆಂಪು ಬೈಕು ಗೆರೆಯ ಮೇಲೆ ಸುಮ್ಮನೆ ನಿಂತಿತ್ತು. ನೀಲಿ ಬೈಕು ತೆಗ್ಗು ಹಾರುತ್ತ ಹೋಗುತ್ತಿತ್ತು.

ಅಮರನಾಥ ತನ್ನ ಖಾಲಿ ಕೈಗಳನ್ನು ನೋಡಿಕೊಂಡ. ಎಸೆದ ರಿಮೋಟನ್ನು ನೋಡಿದ. ಅದರ ವೈರನ್ನು ಕಣ್ಣಿನಿಂದಲೇ ಹಿಂಬಾಲಿಸಿದ. ವೈರು ದಿವಾನದಿಂದ ಇಳಿದು, ಉಂಡಿ ತಟ್ಟೆಯನ್ನು ಸುತ್ತಿ, ನೆಲದ ಮೇಲೆ ಅಲ್ಲೇ ಮುಗಿದಿತ್ತು.

"ಆಯಿ," ಎಂದಳು ಬಸವೇಶ್ವರಿ ಮೆಲ್ಲಗೆ.

"ಸುಮ್ಕಿರು ಬೇ, ಮುಂದ ದೊಡ್ಡ ತೆಗ್ಗು ಅದ," ಎಂದರು ಹೀರಾಬಾಯಿ, ಪರದೆಯಿಂದ ಕಣ್ಣು ತೆಗೆಯದೆ.

ಅಮರನಾಥ ಪಡಸಾಲೆಗೆ ಓಡಿದ. ಹೊಸ ಯಂತ್ರದ ಗೆರೆ ತುಂಬಿತ್ತು. ಹೊಸದರಲ್ಲಿ ಒಂದೇ ಒಂದು ಓಟ ಆಡೋಣವೆಂದು ಅವನು ಗುಂಡಿ ಒತ್ತಿದ. ಬೆಳಗಿನಿಂದ ಅಪ್‌ಡೇಟ್ ಕಾದದ್ದನ್ನೂ ಯಂತ್ರ ಆಟದ ಲೆಕ್ಕಕ್ಕೇ ಹಿಡಿದಿತ್ತು. ನಿನ್ನ ಇಂದಿನ ಒಂದು ತಾಸು ಮುಗಿದಿದೆ ಎಂದಿತು. ಒಳಗೆ ಬಸವೇಶ್ವರಿಯ ಫೋನ್ ಸದ್ದು ಮಾಡಿತು. ಮಗು ಇನ್ನಷ್ಟು ಹೊತ್ತು ಕೇಳುತ್ತಿದೆ, ಕೊಡಬೇಕೇ ಎಂದು ಅದು ಕೇಳುತ್ತಿತ್ತು. ಅವಳು ಬೇಡ ಎಂದು ಒತ್ತಿದಳು.

ತೀರ್ಪು ದೌಲತರಾಯರು ಕೊಟ್ಟರು. ಗೆದ್ದವರು ಹೀರಾಬಾಯಿ. ಬಸವೇಶ್ವರಿ ಸೋತಿದ್ದರೂ ಆಡಿ ಸೋತಿದ್ದಾಳೆ. ಅಮರನಾಥ ಮೈದಾನಕ್ಕೇ ಇಳಿದಿಲ್ಲ. ಆದ್ದರಿಂದ ಗೈರುಹಾಜರಿ ಸೋಲು ಅವನದೇ, ಇಬ್ಬರನ್ನೂ ಅವನೇ ತೂಗತಕ್ಕದ್ದು.

"ಕಾಕಾ, ರಿಮೋಟ್ ಅದಲು ಬದಲು ಮಾಡಿದವ್ರು ನೀವು ರೀ."

"ಅದಕ್ಕ ಸಾಕ್ಷಿ ಯಾರದ? ಕರೆಂಟ್ ಇರ್ಲಿಲ್ಲ," ಎಂದರು ದೌಲತರಾಯರು.

ಬೇವಿನ ಮರದ ಜೋಕಾಲಿಗೆ ಅಗಲವಾದ ಹಲಗೆ ಹಾಕಿಸಿದರು. ಹೀರಾಬಾಯಿ ಮತ್ತು ಬಸವೇಶ್ವರಿ ಒಬ್ಬರ ಕೈ ಒಬ್ಬರು ಹಿಡಿದು ಕುಳಿತರು. ಕತ್ತಲಾಗುವವರೆಗೆ ಅಮರನಾಥ ತೂಗಿದ. ದೌಲತರಾಯರು ಮೊಬೈಲ್ ತೆಗೆದರು.

ಮರುದಿನ ಮೊದಲ ಅವಧಿಗೆ ಅಮರನಾಥ ಒಂಬತ್ತನೇ ತರಗತಿಗೆ ಹೋದ. ಹುಡುಗರು ಈ ಸಲ ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು ತೂಗಿದರು.