ನಾನು, ಅಕ್ಕ, ಮತ್ತೆ ಬಂದ ಕ್ಯಾಸೆಟ್ಟು

ಮೆತ್ತಗೆ ಹಾಡುವವರಿಗೆ ಈ ಲೋಕದಲ್ಲಿ ಆಗಬಾರದ್ದೆಲ್ಲ ಆಗುತ್ತೆ, ಇದು ನನ್ನ ಅನುಭವ. ಅರಸೀಕೆರೆ ಸ್ಟೇಷನ್ ಹಿಂದೆ ನಮ್ಮ ಮನೆ. ತೊಂಬತ್ತರ ಸುಮಾರಿಗೆ ನಾನೂ ಅಕ್ಕನೂ ನಡುಮನೆಯಲ್ಲೇ ಕೂತು ಒಂದು ಭಾವಗೀತೆ ಕ್ಯಾಸೆಟ್ಟಿಗೆ ಹಾಡಿದ್ವಿ. ಒಳಗೆ ಅಜ್ಜ ಮಲಗಿದ್ದರು. ಎದ್ದರೆ ಬೈಗುಳ ಗ್ಯಾರಂಟಿ ಅಂತ ಪಿಸುದನಿಯಲ್ಲಿ ಹಾಡಿದ್ವಿ. ಜನ ಅದನ್ನೇ ಶೈಲಿ ಅಂದರು. ನಾವೂ ಹೌದು ಅಂದ್ವಿ.

ಹತ್ತು ಹನ್ನೆರಡು ವರ್ಷದ ಮೇಲೆ ಕಂಪನಿಯವರು ಅದನ್ನೇ ಸಿ.ಡಿ. ಮಾಡಿ ಮತ್ತೆ ತರ್ತೀವಿ ಅಂದರು. ಷರತ್ತು ಒಂದೇ. ಬೇಲೂರಿನಲ್ಲಿ ಬಿಡುಗಡೆ ದಿನ ಇಬ್ಬರೂ ವೇದಿಕೆ ಹತ್ತಿ ಹಾಡಬೇಕು, ಇಲ್ಲದಿದ್ದರೆ ಸಿ.ಡಿ. ಇಲ್ಲ. ಅಕ್ಕನನ್ನು ಕೊಟ್ಟಿದ್ದು ಹಳೇಬೀಡು ಪಕ್ಕದ ಹುಲಿಕೆರೆಗೆ. ಹಾಡೋ ಹುಡುಗಿ ಅಂದರೆ ಗಂಡಿನ ಕಡೆಯವರು ಹಿಂದೆ ಸರೀತಾರೆ ಅಂತ ಅಪ್ಪ ಕ್ಯಾಸೆಟ್ ಸುದ್ದಿಯನ್ನೇ ಮುಚ್ಚಿಟ್ಟಿದ್ದರು. ಅಕ್ಕನಿಗೆ ಹಾಡೋ ಆಸೆ ಬೆಟ್ಟದಷ್ಟು. ಅತ್ತೆಯ ಭಯ ಎರಡು ಬೆಟ್ಟದಷ್ಟು.

ಕೂಗದ ರೈಲು

ಕಂಪನಿ ಕಳಿಸಿದ ಸ್ಯಾಂಪಲ್ ಸಿ.ಡಿ.ಯನ್ನು ಪಕ್ಕದ ಕೊಬ್ಬರಿ ಸಾಹುಕಾರರಿಗೆ ಕೇಳೋಕೆ ಕೊಟ್ಟೆ. ಮಾರನೇ ದಿನ ವಾಪಸ್ ತಂದರು.

"ಇದು ಡೂಪ್ಲಿಕೇಟ್ ಕಣಯ್ಯ. ಮೂರನೇ ಹಾಡಲ್ಲಿ ರೈಲು ಕೂಗ್ಬೇಕು. ಕೂಗ್ತಿಲ್ಲ."

"ಅದು ಆಚೆ ಹೋಗ್ತಿದ್ದ ರೈಲು ಸಾವ್ಕಾರ್ರೆ. ನಾವು ಬೇಕಂತ ಹಾಕಿದ್ದಲ್ಲ. ಈಗ ಮಿಷನ್ನಲ್ಲಿ ತೆಗೆದಿದಾರೆ."

ಅವರಿಗೆ ನಿಜಕ್ಕೂ ಬೇಜಾರಾಯ್ತು. "ಹಾಡಲ್ಲಿ ಚೆನ್ನಾಗಿದ್ದಿದ್ದೇ ಅದೊಂದು. ಅದನ್ನೇ ಯಾಕೆ ತೆಗೆಸಿದೆ?"

ಬಸ್ಸಿನಲ್ಲಿ ಪ್ರಚಾರ

ಅಕ್ಕನ ಅತ್ತೆಯನ್ನು ಒಪ್ಪಿಸಲೇಬೇಕು ಅಂತ ಬೇಲೂರು ಬಸ್ಸು ಹತ್ತಿದೆ. ಪ್ರಚಾರವೂ ಆಗಲಿ ಅಂತ ಹಳೇ ಕ್ಯಾಸೆಟ್ಟನ್ನು ಡ್ರೈವರಿಗೆ ಕೊಟ್ಟೆ. ಹಾಕಿದ. ಎರಡನೇ ಹಾಡಿಗೆ ಇಡೀ ಬಸ್ಸು ನಿದ್ದೆ ಹೋಯ್ತು, ಕಂಡಕ್ಟರೂ ಸೇರಿ. ಎಚ್ಚರಾದಾಗ ಹಳೇಬೀಡು ದಾಟಿ ಬೇಲೂರು ಬಂದಿತ್ತು. ಹಳೇಬೀಡಿನವರೆಲ್ಲ ಕಂಡಕ್ಟರನ್ನು ಹಿಡಿದುಕೊಂಡರು.

"ಯಾರ್ರೀ ಇದನ್ನ ಹಾಡಿದ್ದು?" ಅಂತ ಅವನು ಕ್ಯಾಸೆಟ್ಟು ಎತ್ತಿ ಕೇಳಿದ.

ನಾನು ಕಿಟಕಿ ಆಚೆ ನೋಡ್ತಾ ಕೂತೆ. ನಾನೂ ಹಳೇಬೀಡಲ್ಲೇ ಇಳೀಬೇಕಿತ್ತು.

ಅತ್ತೆಯ ತೀರ್ಪು

ವಾಪಸ್ ಬಸ್ಸು ಹಿಡಿದು ಹುಲಿಕೆರೆ ಮುಟ್ಟಿದೆ. ಅಕ್ಕ ಹಿತ್ತಲಲ್ಲಿ ಎಮ್ಮೆಗೆ ಬೈತಿದ್ದಳು. ಬೀದಿ ತುದಿಗೇ ಕೇಳ್ತಿತ್ತು. ನನ್ನ ಕೈಲಿ ಸಿ.ಡಿ. ನೋಡಿದವಳೇ ಬಾಯಿ ಮುಚ್ಚಿ ಅಡುಗೆಮನೆ ಬಾಗಿಲ ಹಿಂದೆ ನಿಂತಳು.

ಯಾರ ಹಾಡು ಅಂತ ಹೇಳದೆ ಟೀವಿ ಪಕ್ಕದ ಪ್ಲೇಯರಿಗೆ ಹಾಕಿದೆ. ಅತ್ತೆ ಕಣ್ಣು ಮುಚ್ಚಿ ಎರಡು ಹಾಡು ಕೇಳಿದರು.

"ಹೆಣ್ಮಗಳು ಚೆನ್ನಾಗಿ ಹಾಡವ್ಳೆ. ಯಾರ ಮನೇವ್ಳಪ್ಪ?"

ದೇವರ ಮೇಲೆ ಭಾರ ಹಾಕಿ, "ನಿಮ್ಮನೇವ್ಳೇ ಅಮ್ಮ. ಅಕ್ಕ ಹಾಡಿರೋದು" ಅಂದೆ.

"ಸುಳ್ಳು ಹೇಳ್ಬ್ಯಾಡ. ಈ ಮನೆಗೆ ಬಂದು ಹತ್ತು ವರ್ಷ ಆಯ್ತು. ಇಷ್ಟು ಮೆತ್ತಗೆ ಒಂದು ಮಾತೂ ಆಡಿದವಳಲ್ಲ."

ಅಕ್ಕ ಈಚೆ ಬಂದಳು. ಸೆರಗು ಸರಿ ಮಾಡಿಕೊಂಡು, ಕಣ್ಣು ನೆಲಕ್ಕಿಟ್ಟು, ನಾಲ್ಕು ಸಾಲು ಹಾಡಿದಳು. ಒಂದು ಕಡೆಯೂ ತಪ್ಪಲಿಲ್ಲ.

ಬೇಲೂರಿನಲ್ಲಿ ಇಬ್ಬರೂ ವೇದಿಕೆ ಹತ್ತಿ ಹಾಡಬೇಕಾದ ವಿಷಯವನ್ನೂ ಹೇಳಿಬಿಟ್ಟೆ. ಅತ್ತೆ ಕೇಳಿದರು, "ಬೇಲೂರಿಗೆ ಎಂದು ಹೋಗ್ಬೇಕು?"

"ಭಾನುವಾರ."

"ಕರ್ಕೊಂಡೋಗು. ಅಲ್ಲಿ ಎಷ್ಟ್ ಹೊತ್ತು ಬೇಕೋ ಹಾಡ್ಲಿ. ಸೋಮವಾರದಿಂದ ಇಲ್ಲಿ ಬೆಳಗ್ಗೆಯಿಂದ ಸಂಜೆ ಗಂಟ ಹಾಡ್ಲಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಮದುವೆ ಮಾತಿಗೆ ಬಂದಾಗ್ಲೇ ನಿಮ್ಮಪ್ಪ ಹೇಳ್ಬಾರ್ದಿತ್ತಾ? ಹತ್ತು ವರ್ಷ ನಾನೂ, ಆ ಎಮ್ಮೇನೂ ನೆಮ್ಮದಿಯಾಗಿರ್ತಿದ್ವಿ."